ಹಗುರ ಲ್ಯಾಪ್‌ಟಾಪ್: ನಾನು ಎಲ್ಲಿ ರಾಜಿಯಾದೆ, ಎಲ್ಲಿ ಆಗಲಿಲ್ಲ

ನನ್ನದು ಪೂರ್ತಿ ಬರಹದ ಕೆಲಸ. ಕನ್ನಡದಲ್ಲಿ ಟೈಪ್ ಮಾಡುವುದು, ಬೇರೆಯವರು ಬರೆದದ್ದನ್ನು ತಿದ್ದುವುದು, ನಡುನಡುವೆ ವಿಡಿಯೋ ಕಾಲ್. ಓಡಾಟವೂ ಜಾಸ್ತಿ. ಹಾಗಾಗಿ ಹೊಸ ಲ್ಯಾಪ್‌ಟಾಪ್ ಹುಡುಕುವಾಗ ಎರಡು ಷರತ್ತು ಹಾಕಿಕೊಂಡಿದ್ದೆ: ತೂಕ ಒಂದೂವರೆ ಕಿಲೋ ದಾಟಬಾರದು, ಬೆಲೆ ಕೈ ಸುಡಬಾರದು. ಈ ಎರಡೂ ಬೇಕು ಅಂದರೆ ಇನ್ನೇನನ್ನೋ ಬಿಡಲೇಬೇಕು. ಯಾವುದನ್ನು ಬಿಡೋದು ಅನ್ನುವುದರ ಮೇಲೇ ನಾನು ಹೆಚ್ಚು ತಲೆ ಕೆಡಿಸಿಕೊಂಡೆ.

ನನ್ನ ಲೆಕ್ಕ ಸರಳ. ಆಮೇಲೆ ಬದಲಾಯಿಸಬಹುದಾದದ್ದು ಸ್ವಲ್ಪ ಕಮ್ಮಿ ಇದ್ದರೂ ನಡೆಯುತ್ತದೆ. ಫೈಲ್‌ಗಳನ್ನು ಇಡುವ ಎಸ್‌ಎಸ್‌ಡಿ ಚಿಕ್ಕದಾದರೆ ಮುಂದೆ ದೊಡ್ಡದು ಹಾಕಿಸಬಹುದು. ವೆಬ್‌ಕ್ಯಾಮ್ ಮಂಕಾಗಿದ್ದರೆ ಫೋನನ್ನೇ ಕ್ಯಾಮೆರಾ ಮಾಡಿಕೊಳ್ಳಬಹುದು. ಸ್ಪೀಕರ್ ಸಣ್ಣಗಿದ್ದರೆ ಇಯರ್‌ಫೋನ್ ಇದೆ. ಆದರೆ ಪರದೆ, ಕೀಬೋರ್ಡ್, ಬೋರ್ಡಿಗೇ ಬೆಸೆದ ರ‍್ಯಾಮ್ (ನಡೆಯುತ್ತಿರುವ ಕೆಲಸಕ್ಕೆ ಬೇಕಾದ ಮೆಮೊರಿ) ಇವೆಲ್ಲ ತಂದ ದಿನ ಹೇಗಿದ್ದವೋ ಕೊನೆತನಕ ಹಾಗೇ. ದುಡ್ಡು ಹೋಗಬೇಕಾದ್ದು ಅಲ್ಲಿಗೆ.

ಪರದೆ ವಿಷಯದಲ್ಲಿ ನಾನು ಒಂಚೂರೂ ಬಗ್ಗಲಿಲ್ಲ. 14 ಇಂಚಿನ ಪರದೆಯಲ್ಲಿ 1366×768 ಅಂದರೆ ಇಂಚಿಗೆ ಸುಮಾರು 112 ಚುಕ್ಕೆ. ಅದೇ 1920×1080 ಆದರೆ 157. ಇಂಗ್ಲಿಷ್ ಓದುವಾಗ ಈ ವ್ಯತ್ಯಾಸ ಅಷ್ಟೇನೂ ಕಾಡಲಿಕ್ಕಿಲ್ಲ. ಕನ್ನಡದಲ್ಲಿ ಕಾಡುತ್ತದೆ. ‘ರಾಷ್ಟ್ರ’, ‘ಶಾಸ್ತ್ರ’ ಅಂತ ಸಣ್ಣ ಅಕ್ಷರದಲ್ಲಿ ಬರೆದು ನೋಡಿ. ಒಂದು ಅಕ್ಷರಕ್ಕೆ ಎರಡೆರಡು ಒತ್ತು. ಚುಕ್ಕೆ ಕಮ್ಮಿ ಇರುವ ಪರದೆಯಲ್ಲಿ ಅವು ಒಂದಕ್ಕೊಂದು ಅಂಟಿಕೊಂಡು ಕಪ್ಪು ಮುದ್ದೆಯಾಗುತ್ತವೆ. ಥ ಯಾವುದು, ಧ ಯಾವುದು ಅಂತ ಕಣ್ಣು ಕಿರಿದು ಮಾಡಿ ನೋಡಬೇಕು. ಕರಡು ತಿದ್ದುವವರಿಗೆ ಅದು ಆಗದ ಮಾತು.

ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. ಒಂದು ಪುಟ ಕನ್ನಡ ತೆರೆದಿಟ್ಟು, ಮುಚ್ಚಳವನ್ನು ನಿಧಾನಕ್ಕೆ ಹಿಂದಕ್ಕೆ ವಾಲಿಸಿದೆ. ಟಿಎನ್ ಅನ್ನುವ ಅಗ್ಗದ ಬಗೆಯ ಪರದೆಯಾದರೆ ಅಷ್ಟಕ್ಕೇ ಬಣ್ಣ ತಿರುಗಿಬಿಡುತ್ತದೆ. ಐಪಿಎಸ್ ಅನ್ನುವ ಬಗೆಯಲ್ಲಿ ಬಹುತೇಕ ಹಾಗೇ ನಿಲ್ಲುತ್ತದೆ. ನಾನು ತಗೊಂಡದ್ದು ಐಪಿಎಸ್, 1920×1080. ಇದರಲ್ಲೂ ರಾಜಿ ಇಲ್ಲ ಅಂತಲ್ಲ. ಹೊಳಪು 250 ನಿಟ್ಸ್ ಅಷ್ಟೇ, ಬಣ್ಣ ಎನ್‌ಟಿಎಸ್‌ಸಿ ಅನ್ನುವ ಅಳತೆಯಲ್ಲಿ ಶೇ 45. ಕಡುಗೆಂಪು ಇದರಲ್ಲಿ ಇಟ್ಟಿಗೆ ಬಣ್ಣಕ್ಕೆ ಇಳಿಯುತ್ತದೆ. ಫೋಟೋ ಕೆಲಸದವರು ಇಂಥದ್ದನ್ನು ಮುಟ್ಟಲೇಬಾರದು. ಬಿಳಿ ಮೇಲೆ ಕಪ್ಪಕ್ಷರ ನೋಡುವ ನನಗೆ ತೊಂದರೆಯಿಲ್ಲ. ಕಿಟಕಿ ಬೆನ್ನ ಹಿಂದಿದ್ದರೆ ಮಾತ್ರ ಜಾಗ ಬದಲಾಯಿಸಿ ಕೂರುತ್ತೇನೆ.

ಪ್ರೊಸೆಸರ್ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ. ನಾನು ಒಂದು ತಲೆಮಾರು ಹಳೆಯದನ್ನೇ ಆರಿಸಿದೆ, ಉಳಿದ ದುಡ್ಡಲ್ಲಿ 16 ಜಿಬಿ ರ‍್ಯಾಮ್ ಮಾಡಿಕೊಂಡೆ. ಎಂಟು ಜಿಬಿ ಅಂತ ಬರೆದಿದ್ದರೂ ಅದರಲ್ಲಿ ಒಂದಿಷ್ಟನ್ನು ಒಳಗಿನ ಗ್ರಾಫಿಕ್ಸ್ ಎತ್ತಿಟ್ಟುಕೊಳ್ಳುತ್ತದೆ. ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್, ಪಕ್ಕದಲ್ಲಿ ವಿಡಿಯೋ ಕಾಲ್ ಇದ್ದರೆ ಉಳಿದದ್ದು ಸಾಲುವುದಿಲ್ಲ. ನನ್ನದರಲ್ಲಿ 8 ಜಿಬಿ ಬೆಸೆದದ್ದು, ಜೊತೆಗೆ ಒಂದು ಖಾಲಿ ಸ್ಲಾಟ್. ಅಲ್ಲಿ ಇನ್ನೊಂದು 8 ಹಾಕಿದ್ದರಿಂದ ಡ್ಯುಯಲ್ ಚಾನೆಲ್ ಆಗಿ (ಎರಡೂ ಒಟ್ಟಿಗೆ ಕೆಲಸ ಮಾಡಿ) ಗ್ರಾಫಿಕ್ಸ್ ವೇಗವೂ ಸುಧಾರಿಸಿತು.

ಪ್ರೊಸೆಸರ್ ಚಿಪ್‌ನ ಹೆಸರು ನೋಡಿ ಹೊಸದು ಅಂದುಕೊಳ್ಳಬೇಡಿ. ಎಎಂಡಿ ಕಂಪನಿಯ ರೈಜೆನ್ 5 7520ಯು ಮತ್ತು 7530ಯು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ ಅಲ್ವಾ? ಈ ಸಾಲಿನ ಹೆಸರುಗಳಲ್ಲಿ ಮೂರನೆಯ ಅಂಕಿಯೇ ಒಳಗಿನ ವಿನ್ಯಾಸವನ್ನು ಹೇಳುವುದು. ಮೊದಲನೆಯದರ ಒಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ, ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ). ಎರಡನೆಯದು ಝೆನ್ 3, ಆರು ಕೋರ್. ಮೊದಲನೆಯದಕ್ಕೆ ರ‍್ಯಾಮ್ ಬೆಸೆದೇ ಬರುತ್ತದೆ, ಆಮೇಲೆ ಸೇರಿಸುವ ಮಾತೇ ಇಲ್ಲ. ಸ್ಟೋರೇಜ್ ಕಡೆಯೂ ಕಣ್ಣಿರಲಿ. ತೀರಾ ಅಗ್ಗದ ಮಾದರಿಗಳಲ್ಲಿ ಎಸ್‌ಎಸ್‌ಡಿ ಬದಲು ಇಎಂಎಂಸಿ ಅನ್ನುವ ಸ್ಟೋರೇಜ್ ಚಿಪ್ ಇರುತ್ತದೆ. ಅದು ನಿಧಾನ, ಅದೂ ಬೆಸೆದದ್ದೇ. ಅದನ್ನು ಕಂಡ ಕೂಡಲೇ ನಾನು ಮುಂದಿನದಕ್ಕೆ ಹೋದೆ.

ಕೀಬೋರ್ಡ್ ಒತ್ತಿಯೇ ನೋಡಬೇಕು. ಹಗುರ ಮಾಡಲು ಪ್ಲಾಸ್ಟಿಕ್ ತೆಳ್ಳಗಾಗಿರುತ್ತದೆ, ನಡುಭಾಗ ಬಗ್ಗುತ್ತದೆ. ನುಡಿ ಅನ್ನುವ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ಟೈಪ್ ಮಾಡುವವರು ಪ್ರತಿ ಒತ್ತಕ್ಷರಕ್ಕೂ ಎಫ್ ಕೀಲಿಯನ್ನು ಒತ್ತುತ್ತಾರೆ. ಒಂದು ಪುಟಕ್ಕೆ ಎಷ್ಟು ಸಲ ಅಂತ ಯೋಚಿಸಿ! ನಾನು ‘ಅಕ್ಕ, ಎಮ್ಮೆ, ಹಳ್ಳಿ’ ಅಂತ ಸುಮ್ನೆ ಒಂದಷ್ಟು ಹೊತ್ತು ಬಡಿದು ನೋಡಿದೆ. ಎಫ್ ಸುತ್ತ ಗಟ್ಟಿ ಇತ್ತು, ಬ್ಯಾಕ್‌ಸ್ಪೇಸ್ ಹತ್ತಿರ ಸ್ವಲ್ಪ ಕುಸಿಯುತ್ತಿತ್ತು. ಅಷ್ಟಕ್ಕೆ ಒಪ್ಪಿದೆ. ಕೀಲಿಗಳಿಗೆ ದೀಪವಿಲ್ಲ, ಅದಕ್ಕೂ ಒಪ್ಪಿದೆ.

ಬಿಸಿಯ ಮಿತಿಯನ್ನು ಮೊದಲೇ ತಿಳಿದಿರಬೇಕು. ತೆಳ್ಳನೆಯ ಮೈಯಲ್ಲಿ ಒಂದೇ ಪುಟ್ಟ ಫ್ಯಾನ್. ದೊಡ್ಡ ಕೆಲಸ ಕೊಟ್ಟರೆ ಮೊದಲು ಜೋರಾಗಿ ಓಡಿ, ಬಿಸಿಯಾದ ಮೇಲೆ ವೇಗ ಇಳಿಸಿಕೊಳ್ಳುತ್ತದೆ. ಉದ್ದನೆಯ ವಿಡಿಯೋ ಎಕ್ಸ್‌ಪೋರ್ಟ್ ಮಾಡಿದರೆ ಇದು ಎದ್ದು ಕಾಣುತ್ತದೆ. ಬರೆಯುವಾಗ ಫ್ಯಾನ್ ಸದ್ದೇ ಬರುವುದಿಲ್ಲ.

ಬ್ಯಾಟರಿ ಎಷ್ಟು ಗಂಟೆ ಅನ್ನುವ ಜಾಹೀರಾತಿನ ಮಾತು ಬಿಟ್ಟು ವ್ಯಾಟ್-ಅವರ್ (ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನುವ ಅಳತೆ) ನೋಡಿದೆ. ನನ್ನದು 42. ಹೊಳಪು ಅರ್ಧಕ್ಕಿಟ್ಟು ಬರೆಯುತ್ತಿದ್ದರೆ ಸುಮಾರು 6 ವ್ಯಾಟ್ ಎಳೆಯುತ್ತದೆ. ಅಂದರೆ ಏಳು ಗಂಟೆ. ವಿಡಿಯೋ ಕಾಲ್‌ನಲ್ಲಿ ಇದು ದುಪ್ಪಟ್ಟಾಗಿ ಸಮಯ ಅರ್ಧಕ್ಕಿಳಿಯುತ್ತದೆ. ಯುಎಸ್‌ಬಿ-ಸಿ ಚಾರ್ಜಿಂಗ್ ಇರುವುದು ನನಗೆ ದೊಡ್ಡ ಲಾಭ. 65 ವ್ಯಾಟ್‌ನ ಒಂದೇ ಚಾರ್ಜರ್ ಫೋನಿಗೂ ಆಗುತ್ತದೆ, ಚೀಲದ ತೂಕವೂ ಇಳಿಯಿತು. ಆದರೆ ಎರಡು ಸಿ ಪೋರ್ಟ್‌ಗಳಿದ್ದರೆ ಎರಡರಲ್ಲೂ ಚಾರ್ಜ್ ಆಗುತ್ತದೆ ಅಂತ ನಂಬಬೇಡಿ, ವಿವರ ಓದಿ. ಮಾನಿಟರ್ ಜೋಡಿಸುವ ಎಚ್‌ಡಿಎಂಐ ಪೋರ್ಟ್ ಕೂಡ ಹಳೆಯ 1.4 ಆವೃತ್ತಿಯದಾಗಿದ್ದರೆ 4ಕೆ ಮಾನಿಟರ್‌ನಲ್ಲಿ ಸೆಕೆಂಡಿಗೆ 30 ಚೌಕಟ್ಟು ಮಾತ್ರ, ಮೌಸ್ ಬಾಣ ತಡವರಿಸುತ್ತದೆ. ನನ್ನದರಲ್ಲಿ ಅದೇ ಇದೆ. ಹೊರಗಿನ ಮಾನಿಟರನ್ನು 1080ರದ್ದೇ ಇಟ್ಟುಕೊಂಡಿದ್ದೇನೆ.

ಮೇಜಿನ ಮೇಲೆ ಚಾರ್ಜರ್‌ಗೆ ಸಿಕ್ಕಿಸಿಯೇ ಕೆಲಸ ಮಾಡುವ ದಿನಗಳಲ್ಲಿ ಶೇ 80ಕ್ಕೆ ಚಾರ್ಜ್ ನಿಲ್ಲುವ ಹಾಗೆ ಸೆಟ್ಟಿಂಗ್ ಮಾಡಿದ್ದೇನೆ. ಆಗಾಗ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು, ಮೂಲ ಸಾಮರ್ಥ್ಯಕ್ಕೆ ಹೋಲಿಸಿದರೆ ಈಗ ಎಷ್ಟು ತುಂಬುತ್ತದೆ ಅಂತ ನೋಡುತ್ತೇನೆ. ಸದ್ಯಕ್ಕೆ ಚೆನ್ನಾಗಿಯೇ ಇದೆ.