ಅಜ್ಜನ ಜಾತ್ರೆಗೆ ನಮ್ಮ ಓಣಿಯ ರೊಟ್ಟಿ

ಅಜ್ಜ ಅಂದರೆ ನಮಗೆ ಗವಿಸಿದ್ಧೇಶ್ವರ. ಕೊಪ್ಪಳದ ಗವಿಮಠದಲ್ಲಿ ಅವನ ತೇರು ಪುಷ್ಯ ಬಹುಳ ಬಿದಿಗೆಗೆ, ಹೆಚ್ಚಾಗಿ ಜನವರಿಯಲ್ಲಿ. ತೇರು ಎಳೆಯುವುದು ಒಂದು ಸಂಜೆ. ದಾಸೋಹ ಮಾತ್ರ ಆಮೇಲೂ ಎಷ್ಟೋ ದಿನ ನಡೆಯುತ್ತದೆ. ಅಲ್ಲಿ ಬಡಿಸುವ ಲಕ್ಷಗಟ್ಟಲೆ ಜೋಳದ ರೊಟ್ಟಿ ಬರುವುದು ಸುತ್ತಲಿನ ಹಳ್ಳಿಗಳ ಒಲೆಗಳಿಂದ. ನಮ್ಮ ಓಣಿಯವರೂ ಪ್ರತಿ ವರ್ಷ ಕಳಿಸುತ್ತೇವೆ.

ಅಷ್ಟು ದಿನ ಇಡಬೇಕು ಅಂದರೆ ಮೆತ್ತನ್ನ ರೊಟ್ಟಿ ನಡೆಯುವುದಿಲ್ಲ, ಖಡಕ್ ರೊಟ್ಟಿಯೇ ಆಗಬೇಕು. ಹಿಂಗಾರಿ ಬಿಳಿಜೋಳ ರಾಶಿಯಾಗುವುದು ಜಾತ್ರೆ ಮುಗಿದ ಮೇಲೆ. ಹಾಗಾಗಿ ಕೈಯಲ್ಲಿರುವುದು ಹೋದ ವರ್ಷದ ಕಾಳು. ಕಾಳು ಹಳೇದಾದರೂ ಚಿಂತೆಯಿಲ್ಲ, ಹಿಟ್ಟು ಹಳೇದಿರಬಾರದು. ಜೋಳಕ್ಕೆ ಗೋಧಿಯಷ್ಟು ಅಂಟಿಲ್ಲ. ಹಿಟ್ಟು ಹಳತಾದರೆ ಜಿಗಿ ಹೋಗಿ ಬಡಿಯುವಾಗ ಅಂಚು ಬಿರಿಯುತ್ತದೆ. ಅದಕ್ಕೇ ಹಿಂದಿನ ದಿನ ಗಿರಣಿಗೆ ಹಾಕಿಸುತ್ತೇವೆ.

ಎಸರು ಮರಳಿದ ಮೇಲೆ ಹಿಟ್ಟಿಗೆ ಸುರಿದು, ಕೈ ತಾಳುವಷ್ಟು ಆರಿದ ಕೂಡಲೇ ನಾದಬೇಕು. ಆ ಬಿಸಿಗೇ ಅಂಟು ಬರುವುದು. ಒಂದೇ ಸಲ ಜಾಸ್ತಿ ಕಲೆಸಿಡಬೇಡಿ. ಒಬ್ಬರು ನಾದುತ್ತೇವೆ, ಮೂರ್ನಾಲ್ಕು ಜನ ಬಡಿಯುತ್ತೇವೆ. ಹಂಚಿನ ಮುಂದೆ ಕೂರುವುದು ಹಿರಿಯರೇ. "ತೆಳ್ಳಗ ಬಡೀ ಯವ್ವಾ, ಕಾಗದ ಇದ್ದಂಗ ಇರಬೇಕು" ಎಂದು ಅವರ ಹುಕುಂ. ಮೇಲೆ ನೀರು ಸವರಿ, ತಿರುವಿ ಹಾಕಿ, ಆಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತಾ ಒಣಗಿಸಬೇಕು. ನಡುವೆ ಎಲ್ಲೋ ಮೆತ್ತಗೆ ಉಳಿದರೆ ಅಲ್ಲಿಂದಲೇ ಬೂಷ್ಟು ಹಿಡಿಯುತ್ತದೆ. ಪೂರ್ತಿ ಆರುವ ತನಕ ಒಂದರ ಮೇಲೊಂದು ಇಡುವುದಿಲ್ಲ.

ಮನೆಗಿಷ್ಟು ಅಂತ ಲೆಕ್ಕ ಕಟ್ಟಿಲ್ಲ. ಹೊಲ ಇದ್ದವರು ಜೋಳ ತರುತ್ತಾರೆ, ಇಲ್ಲದವರು ಕಟ್ಟಿಗೆ ತರುತ್ತಾರೆ, ಅದೂ ಇಲ್ಲದವರು ರೊಟ್ಟಿ ಬಡಿಯಲು ಕೂರುತ್ತಾರೆ. 12ನೇ ಶತಮಾನದ ಶರಣರು ಕಾಯಕದ ಜೊತೆಗೇ ದಾಸೋಹ ಹೇಳಿದ್ದು ಇದನ್ನೇ ಅಲ್ವಾ? ಮಠದ ಗುಡ್ಡವಂತೂ ಇನ್ನೂ ಹಳೇದು, ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಈಗ ರೊಟ್ಟಿ ಕೊಂಡು ಕಳಿಸುವ ಮನೆಗಳೂ ಇವೆ. ತಪ್ಪೇನಲ್ಲ, ಎಲ್ಲರಿಗೂ ಪುರುಸೊತ್ತು ಎಲ್ಲಿದೆ? ನನಗೆ ಮಾತ್ರ ಅದು ಸೇರುವುದಿಲ್ಲ. ವರ್ಷದಲ್ಲಿ ಓಣಿಯ ಹೆಂಗಸರೆಲ್ಲ ಒಂದೇ ಅಂಗಳದಲ್ಲಿ ಕೂರುವುದು ಆಗ ಮಾತ್ರ.

ಕೆಲವು ಊರಿನವರು ಮಾದಲಿ ಎಂಬ ಸಿಹಿಯನ್ನೂ ಕೊಡುತ್ತಾರೆ. ಇತ್ತೀಚೆಗೆ ದಾಸೋಹದಲ್ಲಿ ಮಿರ್ಚಿ ಬಜ್ಜಿಯೂ ಇರುತ್ತದೆ. ಹುಡುಗರ ಕಣ್ಣೆಲ್ಲ ಅದರ ಮೇಲೇ.

ಸಾಗಿಸುವುದೇ ದೊಡ್ಡ ತಲೆನೋವು. ಟ್ರ್ಯಾಕ್ಟರಿನಲ್ಲಿ ಕೆಳಗೆ ಕೌದಿ ಹಾಸಿ ಬುಟ್ಟಿಗಳನ್ನು ಒತ್ತೊತ್ತಾಗಿ ಇಡುತ್ತೇವೆ, ಅಲ್ಲಾಡಬಾರದು. ಮುಂದೆ ಡೊಳ್ಳು, ಭಜನೆ. ಡ್ರೈವರಿಗೆ ನಿಧಾನ ಹೋಗಪ್ಪಾ ಎಂದು ಹೇಳಿ ಹೇಳಿ ಸಾಕಾಗುತ್ತದೆ. ಬುಟ್ಟಿ ತುಂಬುವಾಗಲೇ ಮುರಿದವನ್ನು ಮಠಕ್ಕೆ ಕೊಡುವುದಿಲ್ಲ. ನೀರು ಚಿಮುಕಿಸಿ ಉಳ್ಳಾಗಡ್ಡಿ ಒಗ್ಗರಣೆ ಹಾಕಿದರೆ ಅವತ್ತಿನ ರಾತ್ರಿಯ ಊಟ ಅದೇ.