ಲಸಿಕೆ ಫಲಿಸಬೇಕಾದರೆ ಕುರಿಮರಿಗೆ ಮೊದಲೇ ಏನು ತಿನ್ನಿಸಬೇಕು

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು, ಜಗಳೂರು ಸೀಮೆಯಲ್ಲಿ ಬೇಸಿಗೆ ಕಳೆಯುವ ಹೊತ್ತಿಗೆ ಮರಿಗಳು ಒಣ ಹುಲ್ಲನ್ನೇ ಮೇದು ಸೊರಗಿರುತ್ತವೆ; ಮುಂಗಾರಿಗೆ ಮುಂಚೆ ಕರುಳುಬೇನೆಯ ಲಸಿಕೆ ಹಾಕಿಸುವುದೂ ಅದೇ ಸಮಯದಲ್ಲಿ. ಲಸಿಕೆ ಹಾಕಿದ ಮೇಲೆ ರೋಗವನ್ನು ತಡೆಯುವ ಪ್ರತಿಕಾಯಗಳನ್ನು ಮರಿಯ ದೇಹವೇ ತಯಾರಿಸಿಕೊಳ್ಳಬೇಕು, ಮತ್ತು ಅವು ಪ್ರೋಟೀನಿನಿಂದಲೇ ಆಗುವಂಥವು. ಆದ್ದರಿಂದ ಪೂರಕ ಆಹಾರವನ್ನು ಲಸಿಕೆಯ ದಿನ ಕುಡಿಸುವ ಟಾನಿಕ್ ಎಂದು ಭಾವಿಸದೆ, ಮೂರು ನಾಲ್ಕು ವಾರ ಮೊದಲೇ ಆರಂಭಿಸಬೇಕು.

ಅದಕ್ಕೂ ಮುಂಚಿನ ಕೆಲಸ ಜಂತುನಾಶಕ. ಮರಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಜಗ್ಗಿ ನೋಡಿದಾಗ ಒಳಪದರವು ಕೆಂಪಾಗಿರದೆ ಬಿಳಿಚಿಕೊಂಡಿದ್ದರೆ, ರಕ್ತ ಹೀರುವ ಜಂತುಗಳಿವೆಯೆಂದು ಶಂಕಿಸಿ, ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಔಷಧಿ ಕುಡಿಸಬೇಕು. ತಡವಾದರೂ ಲಸಿಕೆಗೆ ಹದಿನೈದು ದಿನ ಮೊದಲು ಇದು ಮುಗಿದಿರಲಿ.

ಮೂರು ತಿಂಗಳ ಮರಿಗೆ ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ, ತೌಡು ಸೇರಿದ ಮಿಶ್ರಣವನ್ನು ದಿನಕ್ಕೆ ಸುಮಾರು 100 ಗ್ರಾಂ ಕೊಡಬಹುದು. ಒಂದು ಚಿಟಿಕೆಯಷ್ಟರಿಂದ ಆರಂಭಿಸಿ ಹತ್ತು ದಿನಗಳಲ್ಲಿ ಈ ಪ್ರಮಾಣಕ್ಕೆ ತರಬೇಕು; ಒಮ್ಮೆಲೇ ಕಾಳು ತಿನ್ನಿಸಿದರೆ, ಯಾವ ಕರುಳುಬೇನೆಗೆ ಹೆದರಿ ಲಸಿಕೆ ಹಾಕಿಸುತ್ತೇವೆಯೋ ಅದೇ ಬೇನೆ ಎರಗುತ್ತದೆ. ಚಳ್ಳಕೆರೆಯ ಎಣ್ಣೆ ಗಿರಣಿಗಳಿಂದ ನಮ್ಮಲ್ಲಿ ಹಿಂಡಿಗೆ ಕೊರತೆಯಿಲ್ಲ, ಆದರೆ ಕೊಳ್ಳುವಾಗ ಮುರಿದು ನೋಡಬೇಕು. ಒಳಗೆ ಹಸಿರು ಅಥವಾ ಬೂದು ಬಣ್ಣದ ಬೂಷ್ಟು ಕಂಡರೆ, ಮುಗ್ಗಲು ವಾಸನೆ ಬಂದರೆ ಅದನ್ನು ಮುಟ್ಟಬಾರದು. ಬೂಷ್ಟಿನ ವಿಷವಾದ ಅಫ್ಲಟಾಕ್ಸಿನ್ ಯಕೃತ್ತನ್ನು ಕೆಡಿಸುವುದಲ್ಲದೆ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಮುಗ್ಗಿದ ಮೆಕ್ಕೆಜೋಳಕ್ಕೂ ಈ ಮಾತು ಅನ್ವಯಿಸುತ್ತದೆ.

ವಿಟಮಿನ್ ಎ ಮತ್ತು ಇ ಹಸಿರು ಮೇವಿನಲ್ಲಿ ಧಾರಾಳವಾಗಿದ್ದು, ಒಣಗಿದ ಮೇವಿನಲ್ಲಿ ಬಹುಪಾಲು ನಷ್ಟವಾಗಿರುತ್ತವೆ. ಚೊಗಚೆ, ಕುದುರೆಮೆಂತ್ಯ ಅಥವಾ ಮಿತವಾಗಿ ಸುಬಾಬುಲ್ ಸೊಪ್ಪನ್ನು ದಿನವೂ ಒಂದು ಹಿಡಿ ಹಾಕುವುದು, ನನ್ನ ಅಭಿಪ್ರಾಯದಲ್ಲಿ, ಬಾಟಲಿಯ ಔಷಧಿಗಿಂತ ಮೇಲು. ಸತು ಮತ್ತು ಸೆಲೆನಿಯಂ ಕೊರತೆಯನ್ನು ಖನಿಜ ಮಿಶ್ರಣ ನೀಗಿಸುತ್ತದೆ. ಹಿಂಡಿ ಮಿಶ್ರಣದ ನೂರು ಪಾಲಿಗೆ ಎರಡು ಪಾಲು ಸಾಕು. ಆದರೆ ದನಗಳ ಖನಿಜ ಮಿಶ್ರಣವನ್ನು ಕುರಿಗೆ ಹಾಕಲೇಬಾರದು. ಅದರಲ್ಲಿರುವ ತಾಮ್ರವು ಕುರಿಯ ಯಕೃತ್ತಿನಲ್ಲಿ ಸದ್ದಿಲ್ಲದೆ ಶೇಖರವಾಗಿ, ಒಂದು ದಿನ ಹಠಾತ್ತನೆ ಕಾಮಾಲೆ ಮತ್ತು ಕೆಂಪು ಮೂತ್ರದೊಂದಿಗೆ ಪ್ರಾಣ ತೆಗೆಯುತ್ತದೆ. ಸೆಲೆನಿಯಂ ಕೂಡ ಹೆಚ್ಚಾದರೆ ವಿಷವೇ; ಅದರ ಚುಚ್ಚುಮದ್ದನ್ನು ಪಶುವೈದ್ಯರು ಹೇಳಿದರೆ ಮಾತ್ರ ಕೊಡಿಸಬೇಕು. ಕೊರತೆಯಿದ್ದ ಮರಿಗೆ ಪೂರಕದಿಂದ ಗುಣ ಕಾಣುತ್ತದೆಯೇ ಹೊರತು, ಹೊಟ್ಟೆ ತುಂಬ ಸಮತೋಲನದ ಮೇವು ತಿನ್ನುವ ಮರಿಗೆ ಇನ್ನಷ್ಟು ಸುರಿದರೆ ಹೆಚ್ಚಿನ ರಕ್ಷಣೆ ದೊರೆಯುವುದಿಲ್ಲ.

ಗಿಣ್ಣುಹಾಲಿನಿಂದ ಬಂದ ತಾಯಿಯ ಪ್ರತಿಕಾಯಗಳು ಲಸಿಕೆಗೆ ಅಡ್ಡಿಯಾಗುವುದರಿಂದ ಕುರಿ ಮೇಕೆಗಳಿಗೆ ತಗಲುವ ವೈರಸ್ ರೋಗವಾದ ಹಿರೇಬೇನೆಯ, ಅಂದರೆ ಪಿಪಿಆರ್ ಲಸಿಕೆಯನ್ನು ಮೂರು ತಿಂಗಳು ತುಂಬಿದ ಮೇಲೆಯೇ ಹಾಕಿಸಬೇಕು. ಕರುಳುಬೇನೆಗೆ ಮೊದಲ ಬಾರಿ ಲಸಿಕೆ ಪಡೆಯುವ ಮರಿಗಳಿಗೆ ಎರಡು ಮೂರು ವಾರಗಳ ನಂತರ ಇನ್ನೊಮ್ಮೆ ಲಸಿಕೆ ಬೇಕೇ ಬೇಕು. ಅಲ್ಲಿಯವರೆಗೂ ಹಿಂಡಿ, ಸೊಪ್ಪು ನಿಲ್ಲಿಸಬಾರದು.