ತೂಕದ ಚೀಟಿನೇ ನಮ್ಮ ಬಗ್ ರಿಪೋರ್ಟ್: ಟೂಲ್ ಹುಡುಕಿ ಹುಡುಕಿ ಸುಸ್ತಾದ ನನ್ನ ಅನುಭವ

ಹೋದ ಸಲದ ಮೆಕ್ಕೆಜೋಳದ ಸೀಸನ್ ಪೂರ್ತಿ ಒಂದೇ ಒಂದು ಕಂಪ್ಲೇಂಟ್ ಕಳ್ದೋಗ್ಲಿಲ್ಲ, ಅದಕ್ಕೇ ಈಗ ಬರೀತಿದೀನಿ. ಅದಕ್ಕಿಂತ ಮುಂಚೆ ಬರೆಯೋ ಮುಖ ಇರ್ಲಿಲ್ಲ ಬಿಡ್ರಿ.

ನಮ್ದು ದಾವಣಗೆರೆ ಎಪಿಎಂಸಿ ಮಂಡಿ ಅಂಗಡಿಗಳಿಗೆ ಅಂತ ಮಾಡಿದ ಸಣ್ಣ ಸಾಫ್ಟ್‌ವೇರ್. ತೂಕದ ಚೀಟಿ, ರೈತರ ಪಟ್ಟಿ, ಹಮಾಲಿ ಲೆಕ್ಕ, ಅಷ್ಟೇ. ಬರೆದಿದ್ದು ಪೈಥಾನ್‌ನಲ್ಲಿ, ಡೇಟಾ ಇಡೋದು ಎಸ್‌ಕ್ಯೂಲೈಟ್‌ನಲ್ಲಿ, ಜಿಪಿಎಲ್ ಲೈಸೆನ್ಸ್, ಅಂದ್ರೆ ಕೋಡ್ ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು. ಕೋಡ್ ಮುಟ್ಟೋರು ಐದಾರು ಜನ, ಇಬ್ರು ಇಲ್ಲೇ, ಒಬ್ಬ ಚಳ್ಳಕೆರೆ ಹುಡುಗ, ಉಳಿದೋರು ಬೆಂಗಳೂರು ಸೇರ್ಕಂಡವ್ರು. ದಿನಾ ಬಳಸೋದು ಇಪ್ಪತ್ತು ಇಪ್ಪತ್ತೈದು ಅಂಗಡಿ ಗುಮಾಸ್ತರು. ತಾಪತ್ರಯ ಇದ್ದಿದ್ದು ಕೋಡ್‌ನಲ್ಲಲ್ಲ, ಈ ಎರಡು ಗುಂಪಿನ ಮಧ್ಯೆ.

ಶುರೂನಲ್ಲಿ ನನಗೆ ಸ್ವಂತ ಸರ್ವರ್ ಹುಚ್ಚು. 2 ಜಿಬಿ ರ‍್ಯಾಮ್ ಇರೋ ವಿಪಿಎಸ್ (ಬಾಡಿಗೆ ಸರ್ವರ್) ತಗಂಡು ಅದರ ಮೇಲೆ ಗಿಟ್‌ಲ್ಯಾಬ್, ಅಂದ್ರೆ ಕೋಡು, ಕಂಪ್ಲೇಂಟು ಎಲ್ಲ ಒಂದೇ ಕಡೆ ಇಡೋ ಟೂಲ್, ಕೂರಿಸಿದೆ. ನಗಬೇಡ್ರಿ. ಆಟೋಗೆ ಹತ್ತು ಚೀಲ ಹೇರಿದಂಗೆ ಆತು, ಒಂದು ಪೇಜ್ ತೆರೆಯೋಷ್ಟರಲ್ಲಿ ಟೀ ಕುಡ್ಕಂಡು ಬರಬಹುದಿತ್ತು, ತಪ್ಪು ನಂದೇ. ಆಮೇಲೆ ಅದೇ ಥರದ್ದು ಗಿಟೀ ಹಾಕಿದೆ, ಅದು ಹಗುರ, ಆರಾಮಾಗಿ ಓಡ್ತು. ತಿಂಗಳಿಗೆ ಜಿಎಸ್‌ಟಿ ಸೇರಿ ಸುಮಾರು 900 ರೂಪಾಯಿ ನನ್ನ ಜೇಬಿಂದ. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಆಟೋ ಡೆಬಿಟ್ ರೂಲ್ ಬದಲಾತಲ್ಲ, ಆಗ ನನ್ನ ಕಾರ್ಡಿಂದ ದುಡ್ಡು ಕಟ್ ಆಗೋದು ನಿಂತೋತು. ಸೀಸನ್ ಜೋರು, ಮೇಲ್ ಯಾರು ನೋಡ್ತಾರೆ? ನಾನು ನೋಡಿದಾಗ ಸರ್ವರ್ ಡಿಲೀಟ್ ಆಗಿ ವಾರ ಆಗಿತ್ತು.

ಕೋಡ್‌ಗೆ ಏನೂ ಆಗ್ಲಿಲ್ಲ, ಎಲ್ಲರ ಲ್ಯಾಪ್‌ಟಾಪಲ್ಲೂ ಕ್ಲೋನ್ (ಪೂರ್ತಿ ನಕಲು) ಇತ್ತು. ಹೋಗಿದ್ದು ಇಶ್ಯೂಗಳು, ಅಂದ್ರೆ ದಾಖಲಾದ ಕಂಪ್ಲೇಂಟುಗಳು. ಹತ್ರತ್ರ 140. ಯಾವ ಅಂಗಡೀಲಿ ಏನು ಕೆಟ್ಟಿತ್ತು, ಯಾಕೆ ಹಂಗೆ ಸರಿ ಮಾಡಿದ್ವಿ ಅನ್ನೋದೆಲ್ಲ ಹೋತು. ಬ್ಯಾಕಪ್ ಇತ್ತಾ ಅಂದ್ರೆ ಇತ್ತು, ಅದೇ ಸರ್ವರ್‌ನಲ್ಲಿ!

ಅವತ್ತಿಂದ ಯಾವ ಟೂಲ್ ನೋಡಿದ್ರೂ ಮೊದಲು ಕೇಳೋದು, ಇಶ್ಯೂಗಳು ಹೊರಗೆ ಬರ್ತಾವಾ ಇಲ್ವಾ ಅಂತ. ಅದೇ ಸಿಟ್ಟಲ್ಲಿ ಎರಡು ವಾರ ಫಾಸಿಲ್ ಅನ್ನೋ ಟೂಲ್ ಹಿಡ್ಕಂಡು ಕೂತೆ. ಎಸ್‌ಕ್ಯೂಲೈಟ್ ಮಾಡಿದೋರೇ ತಮಗೆ ಅಂತ ಬರ್ಕಂಡಿದ್ದು, ಕೋಡು, ಟಿಕೆಟ್ಟು, ವಿಕಿ ಎಲ್ಲ ಒಂದೇ ಫೈಲಲ್ಲಿ, ಪೆನ್‌ಡ್ರೈವ್‌ಗೆ ಹಾಕ್ಕಂಡು ಹೋದ್ರೆ ಇಡೀ ಪ್ರಾಜೆಕ್ಟ್ ಜೇಬಲ್ಲಿ. ನನಗಂತೂ ಪ್ರಾಣ. ಆದ್ರೆ ಇಂಜಿನಿಯರಿಂಗ್ ಹುಡುಗರಿಗೆ ತೋರಿಸಿದ್ರೆ 'ಸಾರ್, ಪುಲ್ ರಿಕ್ವೆಸ್ಟ್ ಬಟನ್ ಎಲ್ಲೈತೆ?' ಅಂತಾರೆ, ಅಂದ್ರೆ ತಾವು ತಿದ್ದಿದ ಕೋಡ್ ಸೇರಿಸ್ಕಳ್ರಿ ಅಂತ ಕೇಳೋ ಬಟನ್. ಬಿಟ್ಟೆ. ಈಗ್ಲೂ ಹೊಟ್ಟೆ ಉರಿಯುತ್ತೆ.

ಆಮೇಲೆ ಒಂದು ಚಾಟ್ ಆಪ್‌ಗೆ ಹೋದ್ವಿ. ಪುಕ್ಕಟೆ ಪ್ಲಾನ್, 90 ದಿನದ ಹಿಂದಿನ ಮಾತು ಕಾಣಲ್ಲ. ನಮ್ಮ ಕೆಲಸ ನಡೆಯೋದೇ ಸೀಸನ್ನಿಂದ ಸೀಸನ್ನಿಗೆ, ಹೋದ ನವೆಂಬರ್‌ನಲ್ಲಿ ಏನಂದಿದ್ವಿ ಅಂತ ಈ ನವೆಂಬರ್‌ನಲ್ಲಿ ಬೇಕು. ಗುಮಾಸ್ತರಂತೂ ಅದನ್ನ ಇನ್‌ಸ್ಟಾಲೇ ಮಾಡ್ಲಿಲ್ಲ. ಅವ್ರೆಲ್ಲ ಇರೋದು ವಾಟ್ಸಾಪ್‌ನಲ್ಲಿ. ಅಲ್ಲಿ ಗುಡ್ ಮಾರ್ನಿಂಗ್ ಫೋಟೋ, ರೇಟು, ಮಳೆ ಸುದ್ದಿ ಮಧ್ಯೆ ನಮ್ಮ ಕಂಪ್ಲೇಂಟ್ ಹುಡುಕ್ಬೇಕು.

ಒಂದು ಉದಾಹರಣೆ ಹೇಳ್ತೀನಿ. ಥರ್ಮಲ್ ಪ್ರಿಂಟರ್‌ಗೆ ಸಾಮಾನ್ಯವಾಗಿ ಕನ್ನಡ ಬರಲ್ಲ ಅಂತ ಮಾಡಿದೋರಿಗೆಲ್ಲ ಗೊತ್ತು, ಚೀಟಿನ ಚಿತ್ರ ಮಾಡಿ ಕಳಿಸ್ಬೇಕು, 58 ಎಂಎಂ ಪೇಪರ್‌ಗೆ 384 ಚುಕ್ಕಿ ಅಗಲ. ಅದಕ್ಕೆ ನಾವು ಪಿಲ್ಲೋ ಅನ್ನೋ ಪೈಥಾನ್ ಲೈಬ್ರರಿ ಬಳಸ್ತೀವಿ. ಒಬ್ಬ ಗುಮಾಸ್ತರು ಮೂರು ಸಲ ಹಾಕಿದ್ರಂತೆ, 'ಖರ್ಚು ಸರಿ ಬರ್ತಿಲ್ಲ' ಅಂತ. ನಾವು ಲೆಕ್ಕ ತಪ್ಪೈತೆ ಅನ್ಕಂಡು ಕೂಡಿಸೋ ಕಳೆಯೋ ಕೋಡ್ ಎಲ್ಲ ಜಾಲಾಡಿದ್ವಿ, ಮೂರು ರಾತ್ರಿ. ಕೊನೆಗೆ ಅಂಗಡಿಗೇ ಹೋದೆ. ಚೀಟಿ ಹರಿದು ಕೈಗೆ ಕೊಟ್ರು. ಮೊತ್ತ ಎಲ್ಲ ಕರೆಕ್ಟ್. 'ಖರ್ಚು' ಅನ್ನೋ ಪದಾನೇ ಒಡೆದಿತ್ತು! ಖ, ಆಮೇಲೆ ರ, ತಲೆ ಮೇಲೆ ಗಾಳೀಲಿ ತೇಲೋ ಹಲಂತ, ಪಕ್ಕದಲ್ಲಿ ಚ, ಅದರ ಕೊಂಬು ಇನ್ನೆಲ್ಲೋ. ಆ ವಿಂಡೋಸ್ ಮಷೀನಲ್ಲಿ ಫ್ರಿಬಿಡಿ ಅನ್ನೋ ಡಿಎಲ್‌ಎಲ್ ಫೈಲ್ ಇರ್ಲಿಲ್ಲ, ಅದಿಲ್ದೆ ಅಕ್ಷರ ಜೋಡಿಸೋ ರಾಕಂ ಲೈಬ್ರರಿ ಕೆಲಸ ಮಾಡಲ್ಲ, ರಾಕಂ ಇಲ್ದೆ ಒತ್ತು ಕೂಡಲ್ಲ. ನಮ್ಮೆಲ್ಲರದ್ದು ಲಿನಕ್ಸ್, ನಮ್ಗೆ ಹೆಂಗೆ ಕಾಣ್ಬೇಕು.

ಬೈಕಲ್ಲಿ ವಾಪಸ್ ಬರ್ತಾ ಗುಂಡಿ ಸರ್ಕಲ್ ಹತ್ರ ಹೊಳೀತು, ಬಗ್ ರಿಪೋರ್ಟ್ ಫಾರ್ಮ್ ಆಗ್ಲೇ ಅವ್ರ ಕೈಲೈತೆ. ಅವತ್ತೇ ಚೀಟಿ ಬುಡದಲ್ಲಿ ಸಣ್ಣಕ್ಷರದಲ್ಲಿ ಕಮಿಟ್ ಹ್ಯಾಶ್‌ನ (ಕೋಡ್‌ನ ಪ್ರತಿ ಬದಲಾವಣೆಗೂ ಇರೋ ಗುರುತಿನ) ಮೊದಲ ಏಳು ಅಕ್ಷರ ಪ್ರಿಂಟ್ ಆಗೋ ಹಂಗೆ ಮಾಡಿದೆ, ಅದರ ಪಕ್ಕ ರಾಕಂ ಐತಾ ಇಲ್ವಾ ಅಂತ ಒಂದು ಚುಕ್ಕಿ. ಗುಮಾಸ್ತರಿಗೆ ಒಂದೇ ರೂಲ್, ಏನೇ ತೊಂದ್ರೆ ಇರ್ಲಿ ಚೀಟಿ ಫೋಟೋ ಹೊಡೆದು ಗ್ರೂಪಿಗೆ ಹಾಕಿ, ಒಂದಕ್ಷರ ಬರೀಬೇಡಿ. ಯಾವ ಅಂಗಡಿ, ಯಾವತ್ತು, ಯಾವ ಬಿಲ್ಡು, ಎಲ್ಲ ಅದರಲ್ಲೇ ಇರುತ್ತೆ. ಸಂಜೆ ಒಬ್ಬ ಹುಡುಗ ಕೂತು ಇಶ್ಯೂ ಮಾಡ್ತಾನೆ, ಸಂಬಳ ವಾರಕ್ಕೆರಡು ಸಲ ಬೆಣ್ಣೆ ದೋಸೆ. ಫೋಟೋ ಜೋಡಿಸೋಕೆ ಅವನಿಗೊಂದು ಸ್ಕ್ರಿಪ್ಟ್ ಕೊಟ್ಟಿದೀನಿ, ಅದರ ಒಳಗುಟ್ಟು ಇಲ್ಲಿ ಹೇಳಲ್ಲ, ಬೇಕಾದೋರು ಮಂಡಕ್ಕಿ ಮಿರ್ಚಿ ಕೊಡ್ಸಿ.

ರೆಪೋ (ಕೋಡ್ ಇಡೋ ಜಾಗ) ಈಗ ಕೋಡ್‌ಬರ್ಗ್ ಅನ್ನೋ ತಾಣದಲ್ಲಿ. ಬರ್ಲಿನ್‌ನ ಲಾಭ ಮಾಡದ ಸಂಘ ನಡ್ಸೋದು, ಒಳಗಿರೋದು ಗಿಟೀಯಿಂದಲೇ ಕವಲೊಡೆದ ಫೋರ್ಜೆಹೋ, ಗಿಟೀ ಗೊತ್ತಿದ್ದೋರಿಗೆ ಹೊಸದಾಗಿ ಕಲಿಯೋದೇನಿಲ್ಲ. ಬೆಂಗಳೂರಿನ ಗೆಳೆಯರು 'ಅಲ್ಲಿಗೆ ಯಾವ ನರಪಿಳ್ಳೆನೂ ಬರಲ್ಲ' ಅಂದ್ರು, ಹುಡುಗರು ರೆಸ್ಯೂಮೆಗೆ ಗಿಟ್‌ಹಬ್ಬೇ ಬೇಕು ಅಂದ್ರು. ಸರಿ, ಪುಶ್ ಮಿರರ್ ಇಟ್ಟು (ನಕಲು ತಾನಾಗೇ ಹೋಗೋ ಹಂಗೆ) ಗಿಟ್‌ಹಬ್‌ಗೂ ಕಳಿಸ್ದೆ, ಅದರಿಂದ ಇನ್ನೊಂದು ಲಾಭ ಆತು, ಪಬ್ಲಿಕ್ ರೆಪೋಗೆ ಅಲ್ಲಿನ ಆಕ್ಷನ್ಸ್‌ನಲ್ಲಿ (ತಾನಾಗೇ ಟೆಸ್ಟ್ ಮಾಡೋ ಸೇವೆ) ವಿಂಡೋಸ್ ಮಷೀನ್ ಪುಕ್ಕಟೆ ಸಿಗುತ್ತೆ, ಆ 'ಖರ್ಚು' ಚಿತ್ರ ಈಗ ಪ್ರತಿ ಬಿಲ್ಡಲ್ಲೂ ಅಲ್ಲಿ ಟೆಸ್ಟ್ ಆಗುತ್ತೆ. ಇಶ್ಯೂಗಳನ್ನ ರಾತ್ರಿ ಎಪಿಐನಿಂದ (ಪ್ರೋಗ್ರಾಂ ಮೂಲಕ) ಇಳಿಸಿ ಜೇಸನ್ ಅನ್ನೋ ಪಠ್ಯದ ಫೈಲ್ ಮಾಡಿ ಇನ್ನೊಂದು ರೆಪೋಗೆ ಕಮಿಟ್ ಮಾಡ್ತೀನಿ. ಅದರ ಕ್ಲೋನ್ ನಾಲ್ಕು ಜನರ ಹತ್ರ ಐತೆ.

ಕೋಡ್ ಬರೆಯೋರ ಮಾತಿಗೆ ಜುಲಿಪ್, ಟಾಪಿಕ್ ಪ್ರಕಾರ ಮಾತು ಜೋಡಿಸೋ ಚಾಟ್ ಆಪ್. ಟಾಪಿಕ್ ಹಾಕದೆ ಮಾತಾಡೋನಿಗೆ ಚಳ್ಳಕೆರೆ ಹುಡುಗ ಬೈತಾನೆ, ನನಗೂ ಬೈದಾನೆ.

ಸಾಫ್ಟ್‌ವೇರ್‌ನಲ್ಲಿ ಕಾಣೋ ಕನ್ನಡ ಸಾಲುಗಳದ್ದು ಬೇರೆನೇ ಕಥೆ. ಮೊದಲು ತಿದ್ದೋಕೆ ಎಕ್ಸೆಲ್ ಶೀಟ್ ಕಳಿಸ್ತಿದ್ವಿ, ಒಬ್ಬರು ನುಡಿಯ ಹಳೇ ಆಸ್ಕಿಲಿ (ಯೂನಿಕೋಡ್ ಅಲ್ಲದ್ದು) ಟೈಪ್ ಮಾಡಿ ಕಳಿಸಿದ್ರು, ಗಿಟ್‌ನಲ್ಲಿ ನೋಡಿದ್ರೆ ಫ್ರೆಂಚ್ ಭಾಷೆ ಥರ. ಕನ್ವರ್ಟ್ ಮಾಡಿದ್ಮೇಲೂ ಅರ್ಕಾವತ್ತು ಅಲ್ಲಲ್ಲಿ ಜಾಗ ಬದಲಾಯಿಸಿತ್ತು, ಅದನ್ನ ಹಿಡಿಯೋಕೆ ಒಂದು ರೆಜೆಕ್ಸ್ (ಅಕ್ಷರ ಹುಡುಕೋ ಸೂತ್ರ) ಬರ್ದಿದೀನಿ, ಅದೂ ಗುಟ್ಟು. ಈಗ ಕೋಡ್‌ಬರ್ಗ್‌ನೋರದ್ದೇ ವೆಬ್ಲೇಟ್ ಅನ್ನೋ ಅನುವಾದದ ತಾಣ ಐತೆ, ಬ್ರೌಸರಲ್ಲೇ ತಿದ್ತಾರೆ, ಯೂನಿಕೋಡ್ ಬಿಟ್ಟು ಬೇರೆ ಮಾತಿಲ್ಲ. ನಾವು 'ಕಮಿಷನ್' ಅಂತ ಇಟ್ಟಿದ್ದನ್ನ ಒಬ್ಬ ಗುಮಾಸ್ತರ ಮಗಳು 'ದಲಾಲಿ' ಅಂತ ತಿದ್ದಿದ್ಲು, ಅಪ್ಪ ಹೇಳಿದ್ರಂತೆ.

ಖರ್ಚು ಕೇಳ್ತೀರಾ? ಹಳೇ ಸರ್ವರ್‌ಗೆ ಒಟ್ಟು ಹನ್ನೆರಡು ಹದಿಮೂರು ಸಾವಿರ ಸುರಿದಿದ್ದೆ. ಈಗ ಡೊಮೈನ್‌ಗೆ ವರ್ಷಕ್ಕೆ ಸಾವಿರದ ಹತ್ರ, ಕೋಡ್‌ಬರ್ಗ್‌ಗೆ ಕೈಲಾದ ದೇಣಿಗೆ, ಆಮೇಲೆ ದೋಸೆ. ದೋಸೆದೇ ಜಾಸ್ತಿ ಬರುತ್ತೆ. ನಿನ್ನೆ ಸಂಜೆ ಬಂದ ಚೀಟೀಲಿ ಹಮಾಲಿ 50 ಪೈಸೆ ಮೇಲಕ್ಕೆ ರೌಂಡ್ ಆಗಿತ್ತು, ಹ್ಯಾಶ್ ನೋಡಿದ್ರೆ ನನ್ನದೇ ಕಮಿಟ್.